ಅವ್ವನ ಮುದ್ದೆಯ ಜಿಡ್ಡು

ಮೊದಲ ದಿನ ಕಾಲೇಜು ಮೈದಾನದಲ್ಲಿ ಅರ್ಧ ಸುತ್ತು ಓಡಿ, ಕಾಂಪೌಂಡ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಕ್ಕಿಬಿಟ್ಟೆ. ಥೂ! ಹಿಂದಿನ ದಿನದ ಕೋಳಿಸಾರು, ಅಕ್ಕಿರೊಟ್ಟಿ ಎಲ್ಲಾ ಆಚೆಗೆ ಬಂತು. ನಾಯಿಯೊಂದು ಬಂದು ಮೂಸಿ ನೋಡಿ, ತನಗೂ ಬೇಡವೆಂದು ಹೊರಟುಹೋಯಿತು. ಹಳ್ಳಿಮೈಸೂರಿನ ಕಬಡ್ಡಿ ಟೀಮಿನಲ್ಲಿ ರೈಡರ್ ಆಗಿದ್ದ ಸುದರ್ಶನ ನಾನೇ ಎಂದರೆ ಈಗ ಯಾರೂ ನಂಬುವುದಿಲ್ಲ. ಆಟ ಬಿಟ್ಟು ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ ಹಾಕಿ, ಕುರ್ಚಿಯಲ್ಲಿ ಕೂತು ಕೂತು ನಾನೂ ಒಂದು ಮೂಟೆಯಾಗಿದ್ದೆ.

ಬಾಯಿ ಒರೆಸಿಕೊಳ್ಳುತ್ತಿದ್ದಾಗ ನಮ್ಮ ಬೀದಿಯ ಕೆಂಪಣ್ಣಮಾವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರು ರಿಟೈರಾದಾಗಿನಿಂದ ದಿನವೂ ಆ ಮೈದಾನ ಸುತ್ತುವವರು.

"ಲೇ ಮುಂಡೇದೇ, ವರ್ಸಗಟ್ಲೆ ನಿಂತೋಗಿರೋ ಟ್ರ್ಯಾಕ್ಟರ್ನ ಟಾಪ್ ಗೇರಲ್ಲಿ ಎತ್ತಾರೇನ್ಲಾ? ಮೊದ್ಲು ನಡಿ. ನಡ್ಯಕ್ಕೆ ಬತ್ತದೋ ಇಲ್ವೋ ನೋಡ್ಕೊ. ಆಮ್ಯಾಕೆ ಓಡೀವಂತೆ."

"ಟೈಮಿಲ್ಲ ಕಣ್ ಮಾವ," ಅಂದೆ.

ಟೈಮು ಇರಲಿಲ್ಲ, ನಿಜ. ಅರಕಲಗೂಡಿಗೆ ಕೊಟ್ಟಿದ್ದ ನನ್ನ ತಂಗಿ ಧನ್ಯಾಳ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಹಾಸನಕ್ಕೆ ಹೋಗಿ ಮೆಷಿನ್ನಿಗೆ ಕೈ ಕೊಟ್ಟು ಮಲಗುತ್ತಿದ್ದಳು. ಅವಳ ಗಂಡನದು ಹೊಂದಲಿಲ್ಲ, ಅವ್ವನಿಗೆ ಶುಗರ್, ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ನನ್ನದು ಹೊಂದಿತು. ಆದರೆ ಡಾಕ್ಟರು ನನ್ನ ಹೊಟ್ಟೆ ನೋಡಿದರು, ಬಿ.ಪಿ. ನೋಡಿದರು, ಮುಖ ಸಿಂಡರಿಸಿದರು. "ಈ ಮೈಯನ್ನ ನಾನು ಟೇಬಲ್ ಮೇಲೆ ಮಲಗಿಸಲ್ಲ ಸುದರ್ಶನ್. ಮೂರು ತಿಂಗಳಲ್ಲಿ ಹನ್ನೆರಡು ಕೆ.ಜಿ. ಇಳಿಸ್ಕೊಂಡು ಬನ್ನಿ. ಅದಕ್ಕಿಂತ ಹೆಚ್ಚು ಕಾಯೋ ಹಾಗಿಲ್ಲ," ಅಂದರು. ಮನೆಗೆ ಬಂದು ಇದನ್ನು ಹೇಳಿದರೆ ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಹಾಗಾಗಿ ನಡೆದೆ. ಕೆಂಪಣ್ಣಮಾವನ ಗುಂಪಿನ ಹಿಂದೆ, ಅವರ ಕೆಮ್ಮು, ಕ್ಯಾಕರಿಕೆ, ಅವರು ನಾಚಿಕೆಯಿಲ್ಲದೆ ಬಿಡುವ ಗ್ಯಾಸು, ಎಲ್ಲವನ್ನೂ ಸಹಿಸಿಕೊಂಡು ನಡೆದೆ. ತೊಡೆಗೆ ತೊಡೆ ಉಜ್ಜಿ ಚರ್ಮ ಸುಲಿಯಿತು. ಬನಿಯನ್ ಬೆವರಿಗೆ ಅಂಟಿ, ಮೊಲೆ ಬಂದ ಗಂಡಸಿನ ಹಾಗೆ ಕಾಣುತ್ತಿದ್ದೆ. ಕನ್ನಡಿ ಮುಂದೆ ನಿಂತರೆ ಹೇಸಿಗೆಯಾಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಬೈದುಕೊಂಡೆ. ವಾಕಿಂಗ್ ಮುಗಿದ ಕೂಡಲೇ ಆ ಗುಂಪು ನೇರ ಹೋಟೆಲಿಗೆ ನುಗ್ಗಿ ಬೆಣ್ಣೆ ದೋಸೆ, ಮೇಲೊಂದು ವಡೆ ತಿಂದು, ಬೆರಳು ನೆಕ್ಕಿಕೊಂಡು "ಆರೋಗ್ಯವೇ ಭಾಗ್ಯ" ಎನ್ನುತ್ತಿತ್ತು. ನಾನು ಮಾತ್ರ ಮೂಗು ಮುಚ್ಚಿಕೊಂಡು ಹೋಟೆಲು ದಾಟಿ ಮನೆಗೆ ಬರುತ್ತಿದ್ದೆ.

ತಿಂಗಳಾದ ಮೇಲೆ ತೂಕ ನೋಡಿದರೆ ಎರಡು ಕೆ.ಜಿ. ಜಾಸ್ತಿ!

"ಅಂಗ್ಡೀಲಿ ಕದ್ದು ಬೋಂಡ ತಿಂತಿದ್ದೀಯ ಕಣ್ಲಾ ನೀನು," ಅಂದರು ಕೆಂಪಣ್ಣಮಾವ.

"ನಮ್ಮಪ್ಪನಾಣೆಗೂ ಇಲ್ಲ ಮಾವ."

ಅನ್ನ ಬಿಟ್ಟೆ, ಟೀ ಬಿಟ್ಟೆ, ಬಾಡು ಬಿಟ್ಟೆ. ಎರಡು ಹೊತ್ತು ಒಂದೊಂದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ, ಅಷ್ಟೆ. ಸಂಜೆಯೂ ನಡೆಯಲು ಶುರುಮಾಡಿದೆ. ದಮ್ಮು ಬಂತು, ಕಾಲಿಗೆ ಹಳೇ ಕಸುವು ಮೆಲ್ಲಗೆ ಮರಳಿತು, ಒಂದೆರಡು ಸುತ್ತು ಕಕ್ಕದೆ ಓಡುವಂತಾದೆ. ತೂಕ ಮಾತ್ರ ಕದಲಲಿಲ್ಲ. ಇದೆಂಥಾ ಮೈಯಪ್ಪಾ, ಗಾಳಿ ಕುಡಿದರೂ ಊದುತ್ತಲ್ಲ ಎಂದು ಹೊಟ್ಟೆಗೆ ಹೊಡೆದುಕೊಂಡೆ. ಧನ್ಯಾ ಫೋನ್ ಮಾಡಿದಾಗಲೆಲ್ಲ "ಇಳೀತಾ ಐತೆ ಕಣಮ್ಮಿ" ಎಂದು ಸುಳ್ಳು ಹೇಳುತ್ತಿದ್ದೆ.

ಒಂದು ಸಂಗತಿ ಮಾತ್ರ ಕಾಡುತ್ತಿತ್ತು. ಉಂಡು ಎದ್ದರೆ ಕೈಯ ಜಿಡ್ಡು ಹೋಗುತ್ತಿರಲಿಲ್ಲ. ಸೊಪ್ಪಿನ ಸಾರಲ್ಲಿ ಅದ್ದಿ ಮುದ್ದೆ ನುಂಗಿದವನ ಕೈ ಬರೀ ನೀರಿಗೆ ಚೊಕ್ಕವಾಗಬೇಕು. ನನ್ನದು ಸೋಪು ಹಾಕಿ ತಿಕ್ಕಿದರೂ ಜಾರುತ್ತಿತ್ತು. ಮೊಬೈಲು ಮುಟ್ಟಿದರೆ ಗಾಜಿನ ಮೇಲೆ ಬೆರಳಚ್ಚು ಉಳಿಯುತ್ತಿತ್ತು. ನನ್ನ ಮೈಯ ಕೊಬ್ಬೇ ಬೆವರಾಗಿ ಸುರಿಯುತ್ತಿದೆಯೆಂದುಕೊಂಡು ಮತ್ತೆ ಮತ್ತೆ ಕೈ ತೊಳೆಯುತ್ತಿದ್ದೆ.

ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಮಂಡಿ ಹಿಡಿದುಕೊಂಡಿತೆಂದು ಬೇಗನೆ ಹಿಂದಿರುಗಿದೆ. ಹಿತ್ತಲ ಬಾಗಿಲಿಂದ ಒಳಗೆ ಬಂದರೆ ಅವ್ವ ಒಲೆ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಪಕ್ಕದಲ್ಲಿ ತುಪ್ಪದ ಡಬ್ಬಿ. ಸೌಟು ತುಂಬ ತುಪ್ಪ ಎತ್ತಿ ಹಿಟ್ಟಿಗೆ ಸುರಿದಳು, ಕೋಲು ಆಡಿಸಿದಳು. ಮತ್ತೊಂದು ಸೌಟು ಸುರಿದಳು, ಮತ್ತೆ ಆಡಿಸಿದಳು. ಮಜ್ಜಿಗೆ ಚೊಂಬಿನ ಪಕ್ಕ ಕೆನೆಯ ಬಟ್ಟಲಿತ್ತು.

"ಅವ್ವಾ! ಏನ್ ಮಾಡ್ತಾ ಇದ್ದೀಯ?"

ಬೆಚ್ಚಿದಳು. ಆದರೆ ಡಬ್ಬಿ ಮುಚ್ಚಿಡಲಿಲ್ಲ.

"ಏನೋ ಒಂಚೂರು ತುಪ್ಪ. ನಡ್ದು ನಡ್ದು ಸೊರಗೋಗಿದ್ದೀಯ."

"ಸೊರಗ್ಬೇಕು ಅಂತ್ಲೇ ಅಲ್ವೇನವ್ವ ನಾನು ನಾಯಿಪಾಡು ಪಡ್ತಾ ಇರಾದು! ಡಾಕ್ಟ್ರು ಹೇಳಿದ್ದು ಮರ್ತೋಯ್ತಾ?"

"ಮರ್ತಿಲ್ಲ," ಅಂದಳು ಅವ್ವ. ಕೋಲು ಕೆಳಗಿಟ್ಟಳು. "ಗೊತ್ತಿದ್ದೇ ಆಕ್ದೆ. ನೀನು ಇಳೀಬಾರ್ದು ಅಂತ್ಲೇ ಆಕ್ದೆ. ಒಂದ್ ಕಿಡ್ನಿ ಕಿತ್ಕೊಟ್ರೆ ನಿಂಗ್ಯಾರ್ಲಾ ಎಣ್ಣು ಕೊಡ್ತಾರೆ?"

"ಎರಡಿದ್ದಾಗ ಯಾರ್ ಕೊಟ್ರವ್ವ? ಮೂವತ್ತಾರಾಯ್ತು ನಂಗೆ!"

"ಅವ್ಳಿಗೆ ಗಂಡ ಅವ್ನೆ, ಮಗ ಅವ್ನೆ. ನಿಂಗ್ಯಾರವ್ರೆ? ಕೊಟ್ಟ ಎಣ್ಣು ಕುಲಕ್ಕೆ ಒರಗು ಕಣ್ಲಾ."

ಮೈಯೆಲ್ಲ ಉರಿದುಹೋಯಿತು. ಆ ಸೌಟು, ಆ ಡಬ್ಬಿ, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದ ಆ ಮುದ್ದೆ, ಯಾವುದನ್ನೂ ನೋಡಲಾಗಲಿಲ್ಲ. ಎರಡು ತಿಂಗಳಿಂದ ಇದನ್ನೇ ಅಲ್ಲವೇ ಚಪ್ಪರಿಸಿಕೊಂಡು ನುಂಗಿದ್ದು! ತಂಗಿಯ ಆಯಸ್ಸನ್ನು ಒಂದೊಂದು ತುತ್ತಾಗಿ ನನ್ನ ಬಾಯಿಗೇ ಇಟ್ಟಿದ್ದಳಲ್ಲ!

"ಅವಳ್ನೂ ನೀನೇ ತಾನೇ ಎತ್ತಿದ್ದು?"

"ಎತ್ತಿವ್ನಿ. ಎತ್ತಿರೋಳ್ಗೇ ಗೊತ್ತು ಕಣ್ಲಾ ಅದು," ಅಂದಳು. ಅವಳ ದನಿ ನಡುಗಲಿಲ್ಲ. "ಒಂದ್ ಕೂಸು ಓಗಾದಾದ್ರೆ ಓಗ್ಲಿ. ಎರಡೂ ಓಗ್ಬಾರ್ದು."

ಮುದ್ದೆಯ ಪಾತ್ರೆ ಎತ್ತಿಕೊಂಡೆ. ಹಿತ್ತಲಿಗೆ ಹೋಗಿ ಸುರಿದುಬಂದೆ.

ಮಾರನೆಯ ಬೆಳಿಗ್ಗೆ ಬಟ್ಟೆ ತುಂಬಿಕೊಂಡು ಬೈಕ್ ಹತ್ತಿ ಅರಕಲಗೂಡಿಗೆ ಹೋದೆ. ಧನ್ಯಾ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ನನ್ನನ್ನು ಕಂಡು ಮುಖ ಅರಳಿತು.

"ಬಾಣ್ಣ. ಫೋಟೋ ತಂದ್ಯಾ?"

"ಯಾವ್ ಫೋಟೋ?"

"ಆಹಾ, ನಾಚ್ಕೆ ನೋಡು! ಅತ್ಗೇದು. ಚನ್ನರಾಯಪಟ್ಣದ ಕಡೆ ಎಣ್ಣು ಗೊತ್ತಾಗೈತಂತೆ, ಅವ್ವ ಹೇಳುದ್ಲು. ಕಿಡ್ನಿ ಕೊಡೋದು ಗೊತ್ತಾದ್ರೆ ಎಣ್ಣಿನ್ ಕಡೆಯೋರು ಒಪ್ಪಾಕಿಲ್ಲ ಅಂತ ಅಳ್ತಾ ಇದ್ಲು. ಅದ್ಕೇ ನಿನ್ನೇನೇ ಡಾಕ್ಟ್ರಿಗೆ ಫೋನ್ ಮಾಡಿ ನಮ್ಮಣ್ಣಂದು ಬ್ಯಾಡ ಸಾ ಅಂದ್ಬುಟ್ಟೆ." ನಕ್ಕಳು. "ಓಗ್ಲಿ ಬುಡು. ನಿನ್ ಮದ್ವೇಲಿ ಆರತಿ ಎತ್ತೋ ಗಂಟ ಇದ್ರೆ ಸಾಕು ನಂಗೆ."

ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಎಣ್ಣೂ ಇಲ್ಲ, ಏನೂ ಇಲ್ಲ ಕಣಮ್ಮಿ," ಅಂದೆ. "ಡಾಕ್ಟ್ರಿಗೆ ಫೋನ್ ಮಾಡು."

ಅವಳು ನನ್ನ ಮುಖವನ್ನೇ ನೋಡಿದಳು. ಅವ್ವ ಸುಳ್ಳು ಹೇಳಿದ್ದಳೆಂದು ಅವಳಿಗೆ ಅರ್ಥವಾಗಿತ್ತು. "ಮೊದ್ಲು ಊಟ ಮಾಡು. ನಿನ್ ಬಾವಂಗೆ, ಮಗೂಗೆ ಬೇರೆ ಮಾಡಿವ್ನಿ," ಅಂದಳು.

"ನಿಂಗೇನ್ ಮಾಡ್ಕೊಂಡಿದ್ದೀಯೋ ಅದೇ ಇಕ್ಕು. ಇನ್ನೊಂದು ತಿಂಗ್ಳು ನಾನಿಲ್ಲೇ ಇರಾದು."

ಅನ್ನ, ಬೇಯಿಸಿ ನೀರು ಬಸಿದ ತರಕಾರಿ. ಉಪ್ಪಿಲ್ಲ, ಹುಳಿಯಿಲ್ಲ. ಒಂದು ತುತ್ತು ಬಾಯಿಗಿಟ್ಟರೆ ದನಕ್ಕೆ ಹಾಕುವ ಒದ್ದೆ ಹಿಂಡಿ ಅಗಿದಂತಾಯಿತು. ಇಂಥದ್ದನ್ನು ತಿಂದುಕೊಂಡು ಬದುಕುತ್ತಿದ್ದವಳು ನನ್ನ ಮದುವೆಯ ಫೋಟೋ ಕೇಳುತ್ತಿದ್ದಳು. ನಾನು ಪೂರ್ತಿ ತಿಂದೆ. ತಿಂದು ಫೋನನ್ನು ಅವಳ ಕೈಗಿಟ್ಟು, "ನೀನು ಮಾಡೋ ಗಂಟ ನಾನ್ ಏಳಾಕಿಲ್ಲ," ಅಂದೆ.

ಮಾಡಿದಳು.

"ಸಾ, ನಾನು ಧನ್ಯಾ, ಅರಕಲಗೂಡು. ನಿನ್ನೆ ಹೇಳಿದ್ನಲ್ಲ ಸಾ, ಅದು ತಪ್ಪಾಯ್ತು. ನಮ್ಮಣ್ಣಂದು ಬೇಕು ಸಾ. ನಾನು ಬದುಕ್ಬೇಕು ಸಾ," ಅಂದಳು. ಕಾಯಿಲೆ ಬಿದ್ದಾಗಿನಿಂದ ಅವಳು ಯಾರನ್ನಾದರೂ ಏನನ್ನಾದರೂ ಬೇಕೆಂದು ಕೇಳಿದ್ದು ನಾನು ಕಂಡಂತೆ ಅದೇ ಮೊದಲು.