ಗಣಿತಕ್ಕೊಂದು ಮುಯ್ಯಾಳು

ಉಚ್ಚಂಗಮ್ಮ ಪಾಠದ ವಾಟ್ಸಾಪ್ ಗ್ರೂಪ್ ಬಿಟ್ಟು ಹೋದದ್ದು ಮೊಬೈಲಿನಲ್ಲಿ ಕಂಡಾಗ, ನ್ಯಾಮತಿಯ ಸಂಧ್ಯಾರಾಣಿ ಮೇಡಂ ಕಲಸಿದ ಅನ್ನ ಬಿಟ್ಟು ಹಾಗೇ ಕೂತಳು. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ಮನೆ ಸೇರಿದ್ದ ಹೆಂಗಸರಿಗೆ ಅವಳು ಆನ್‌ಲೈನ್ ಪಾಠ ಮಾಡುತ್ತಿದ್ದಳು. ಹುರುಪು ಬರಲೆಂದು ಒಂದು ಆಟವನ್ನೂ ಹೂಡಿದ್ದಳು. ಲೆಕ್ಕ ಬಿಡಿಸಿದವರಿಗೆ ನಕ್ಷತ್ರ, ವಾರಕ್ಕೊಮ್ಮೆ ನಕ್ಷತ್ರ ಎಣಿಸಿ ಎಲ್ಲರ ಹೆಸರಿನ ಪಟ್ಟಿ, ಮೇಲಿಂದ ಕೆಳಕ್ಕೆ. ಮೇಲಿದ್ದವರು ಹಿಗ್ಗಿದರು, ಕೆಳಗಿದ್ದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡತೊಡಗಿದರು.

ಕೈ ತೊಳೆದು ಫೋನ್ ಮಾಡಿದಳು. "ಪಾಸಾದ್ರೆ ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕ್ತೀನಿ ಅಂದಿದ್ರಿ. ಹಿಂಗ್ ಬಿಟ್ರೆ ಹೆಂಗ್ರೀ ಉಚ್ಚಂಗಮ್ಮಾರೆ?"

"ವಾರವಾರ ನನ್ ಹೆಸರೇ ತಳದಾಗಿರ್ತತೆ ಮೇಡಂ. ಮರ್ಯಾದಿ ಕಳ್ಕೊಳ್ಳಾಕೆ ನಾನೇ ರೀಚಾರ್ಜ್ ಮಾಡಿಸ್ಲೇನು?" ಜಗಳೂರು ಕಡೆಯ ಆ ಹೆಂಗಸಿನದು ಖಡಕ್ ಮಾತು. "ಇಡ್ತೀನ್ರಿ. ಕೊಲ್ಲಾಪುರಮ್ಮನ ಹೊಲಕ್ಕೆ ಮುಯ್ಯಾಳು ಹೋಗ್ಬೇಕು. ನಮ್ ಹೊಲಕ್ಕೆ ಅವ್ಳು ಬಂದಿದ್ಲು, ಈಗ ನಾನು ತಪ್ಪಿಸಾಕೆ ಬರಲ್ಲ."

ಪಾಠ ತಪ್ಪಿಸಬಹುದು, ಮುಯ್ಯಾಳು ತಪ್ಪಿಸುವಂತಿಲ್ಲ! ಸಂಧ್ಯಾರಾಣಿಗೆ ತನ್ನ ಆಟದ ಮೇಲೇ ಸಿಟ್ಟು ಬಂತು. ಮೇಲು ಕೆಳಗಿನ ಪಟ್ಟಿ ಕಿತ್ತುಹಾಕಿ, ಇಬ್ಬಿಬ್ಬರ ಜೋಡಿ ಮಾಡಿದಳು. ಒಬ್ಬಳು ಇನ್ನೊಬ್ಬಳಿಗೆ ಲೆಕ್ಕ ಹೇಳಿಕೊಡಬೇಕು. ಕಲಿತವಳು ಬಿಡಿಸಿದರೆ ನಕ್ಷತ್ರ ಕಲಿಸಿದವಳಿಗೆ. ಮಾರನೆಯ ದಿನ ಸರದಿ ಅದಲುಬದಲು. ಉಚ್ಚಂಗಮ್ಮನನ್ನು ಗೋಗರೆದು ವಾಪಸ್ಸು ಕರೆತಂದು, ಸಾಸ್ವೆಹಳ್ಳಿಯ ಪುಷ್ಪಾಳಿಗೆ ಜೋಡಿ ಹಾಕಿದಳು. ಒಮ್ಮೆಯೂ ಭೇಟಿಯಾಗದ ಅವರಿಬ್ಬರೂ ತ್ರಿಭುಜದ ಜೊತೆಗೆ ಅತ್ತೆ, ಸಾರು, ಸೊಂಟನೋವು ಎಲ್ಲವನ್ನೂ ಮಾತಾಡಿಕೊಂಡರು. ರೊಟ್ಟಿ ಬಡಿಯುತ್ತಲೇ ಪ್ರಮೇಯ ಒಪ್ಪಿಸಿದರು. ಬಿಟ್ಟುಹೋಗಿದ್ದ ಉಳಿದವರೂ ತಿರುಗಿ ಬಂದರು.

ಫಲಿತಾಂಶ ಬಂದಾಗ ಉಚ್ಚಂಗಮ್ಮ ಪಾಸಾಗಿದ್ದಳು. ಸಂಧ್ಯಾರಾಣಿಗೆ ಎಷ್ಟು ಹೆಮ್ಮೆಯೆಂದರೆ, ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಪುಷ್ಪಾ ಮಾತ್ರ ನಾಲ್ಕೇ ಅಂಕಕ್ಕೆ ಮುಗ್ಗರಿಸಿದ್ದಳು.

ಮರುಪರೀಕ್ಷೆಯ ಪಾಠ ಶುರುವಾದ ಸಂಜೆ ಪರದೆಯ ಮೇಲೆ ಪುಷ್ಪಾಳ ಹೆಸರಿನ ಪಕ್ಕದಲ್ಲೇ ಉಚ್ಚಂಗಮ್ಮನ ಹೆಸರೂ ಮೂಡಿತು.

"ನೀವು ಪಾಸಾದ್ರಲ್ಲ, ಉಚ್ಚಂಗಮ್ಮಾರೆ?"

"ಆಗೀನ್ರಿ, ಅರ್ಜೀನೂ ಹಾಕೀನಿ. ಪುಷ್ಪಕ್ಕಂದು ಹಂಗೇ ಐತಲ್ಲ, ನಾನು ಹೆಂಗ್ ಬರದಂಗಿರಾಕೆ ಆಗ್ತತೆ?"

ಪುಷ್ಪಾ ಮೂಗು ಸೀಟಿದ ಸದ್ದು ಕೇಳಿಸಿತು.

"ಅಳಾಕೆ ಆಮ್ಯಾಲೆ ಟೈಮ್ ಐತೆ ಅಕ್ಕ," ಎಂದಳು ಉಚ್ಚಂಗಮ್ಮ. "ಪುಸ್ತಕ ತೆಗಿ."

ಸಂಧ್ಯಾರಾಣಿ ತನ್ನ ಮೈಕ್ ಆಫ್ ಮಾಡಿ, ಗೋಡೆಗೆ ಒರಗಿ, ಪಾಠ ಕೇಳುತ್ತ ಕೂತಳು.