ಏಳನೇ ಚಿತ್ರ

ಠಣ್ ಅಂತು, ಮೂರು ಲೋಟ ಹೋಯ್ತು, ಮೇಲಿನಿಂದ ಮೂರು ಹೊಸದು ಜಾರಿ ಬಿತ್ತು, ಒಂದು ಬೀಗದ ಕೈ, ಒಂದು ಚಪ್ಪಲಿ, ಇನ್ನೊಂದು ನಾನು, ಕೆಂಪು ಅಂಗಿ ಹಾಕ್ಕೊಂಡು ಹಲ್ಲು ಬಿಟ್ಕೊಂಡಿರೋ ನಾನು, ಎಣಿಸಬಾರದು ಅಂದ್ಕೊಂಡ್ರೂ ಕಣ್ಣು ಕೇಳಲ್ಲ, ಹದಿನಾಲ್ಕು, ಅಡ್ಡಕ್ಕೆ ಎಂಟು ಮನೆ ಉದ್ದಕ್ಕೆ ಎಂಟು ಮನೆ ಇರೋ ಈ ಕಂಪ್ಯೂಟರ್ ಆಟದ ಮಣೆಯಲ್ಲಿ ಹದಿನಾಲ್ಕು ಕಡೆ ನನ್ನ ಮುಖ, ಅಕ್ಕ ಇವತ್ತೂ ಒಂದನ್ನೂ ಮುಟ್ಟಿಲ್ಲ — ಅವಳ ಎಡಗೈ ಮೌಸಿನ ಮೇಲಿದೆ, ಬಲಗೈ ಮಡಿಲಲ್ಲಿ ಬೇರೆ ಯಾರದ್ದೋ ಅನ್ನೋ ಹಾಗೆ ಬಿದ್ದಿದೆ, ಐದು ತಿಂಗಳಾಯ್ತು ಅದು ಹಾಗೆ ಬಿದ್ದು, ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದ್ದು ಎಡಗಡೆ, ಹೋಗಿದ್ದು ಬಲಗೈ, ಬಲಗಾಲು, ಮತ್ತೆ ಮಾತು, ಎಷ್ಟೊಂದು ಮಾತಿತ್ತು ಇವಳ ಹತ್ರ, ಇಡೀ ಬೀದಿಗೆ ಕೇಳೋ ಹಾಗೆ ಬೈತಿದ್ದಳು, ಈಗ ಉಳಿದಿರೋದು ಒಂದೇ ಒಂದು, ಬೇಡ. ನೀರು ಕೊಟ್ಟರೆ ಬೇಡ ಅಂತಾಳೆ, ಗಟಗಟ ಕುಡೀತಾಳೆ. ಕಿಟಕಿ ತೆರೀಲಾ ಅಂದ್ರೆ ಬೇಡ, ತೆರೆಯದಿದ್ದರೆ ಸಿಟ್ಟಿನಿಂದ ಬೇಡ ಬೇಡ. ಅವರ ಬಾಯಿಗೆ ಸಿಕ್ಕಿರೋದು ಆ ಒಂದೇ ಪದ, ಅದಕ್ಕೆ ಅರ್ಥ ಹುಡುಕೋಕೆ ಹೋಗಬೇಡಿ ಅಂದಿದ್ದರು ಮಾತಿನ ಡಾಕ್ಟರು, ಅವರಿಗೇನು ಗೊತ್ತು, ಇವಳು ನನ್ನ ಹತ್ರ ಕೊನೇ ಸಲ ಮಾತಾಡಿದಾಗಲೂ ಇದೇ ಪದ ಇತ್ತು. ನಾಲ್ಕು ಗಂಟೆಗೆ ಬರ್ತಾರೆ ಡಾಕ್ಟರು, ಈಗ ಮೂರೂ ಹತ್ತು, ಮೇಜಿನ ಆ ತುದೀಲಿ ಅಕ್ಕನನ್ನ ಸೇರಿಸೋ ಆರೈಕೆ ಮನೆಯ ಅರ್ಜಿ ಇದೆ, ಎಲ್ಲ ತುಂಬಿದ್ದೀನಿ, ಸಹಿ ಒಂದು ಬಾಕಿ.

ಆಟ ಏನು ಮಹಾ ಆಟ, ಅಕ್ಕಪಕ್ಕದ ಎರಡನ್ನು ಅದಲು ಬದಲು ಮಾಡಬೇಕು, ಒಂದೇ ತರದ್ದು ಮೂರು ಒಂದು ಸಾಲಿಗೆ ಬಂದ್ರೆ ಮಾಯ, ಮೇಲಿನಿಂದ ಬೇರೆಯದು ಬೀಳುತ್ತೆ, ಅಷ್ಟೇ, ಹರಳುಗಳ ಆಟ, ಕೆಂಪು ನೀಲಿ ಹಸಿರು, ಕೆಲಸ ಇಲ್ಲದವರು ಬಸ್ಸಲ್ಲಿ ಆಡೋದು ಅಂತ ನಾನೇ ಮೂಗು ಮುರೀತಿದ್ದೆ, ಇದನ್ನ ಆಡಿಸಿ ನೋಡಿ, ಎಡಗೈಗೂ ಅಭ್ಯಾಸ, ಕಣ್ಣಿಗೂ ಅಭ್ಯಾಸ ಅಂತ ಡಾಕ್ಟರು ಹೇಳಿದಾಗ ನಮ್ಮ ಪ್ರೆಸ್ಸಿನವರು ಮೂಲೆಗೆ ಎಸೆದಿದ್ದ ಹಳೇ ಕಂಪ್ಯೂಟರನ್ನ ಹೊತ್ಕೊಂಡು ಬಂದು ಅಕ್ಕನ ಮನೆಯ ಈ ಮುಂದಿನ ಕೋಣೇಲಿ ಇಟ್ಟೆ. ಅಕ್ಕ ಹರಳುಗಳನ್ನ ನೋಡಿ ಮುಖ ತಿರುಗಿಸಿದಳು, ಬೇಡ. ಆಟಕ್ಕೆ ಗಡಿಯಾರ ಇತ್ತು, ಅರ್ಧ ನಡೆ ಮುಗಿಸೋದರೊಳಗೆ ಹೊತ್ತಾಯ್ತು ಅಂತ ಅದು ಬಡ್ಕೊಳ್ಳೋದು, ಅವಳಿಗೆ ಅಳು ಬರೋದು, ಆಗ ನಾನು ಅದರ ಒಳಗೆ ಕೈ ಹಾಕಿದೆ, ಪ್ರೆಸ್ಸಲ್ಲಿ ಇಡೀ ದಿನ ಪುಟ ಜೋಡಿಸ್ತಿದ್ದವಳು ನಾನು, ಇದೇನು ದೊಡ್ಡದಾ — ಮೊದಲು ಗಡಿಯಾರ ನಿಲ್ಲಿಸಿದೆ, ಬೀಳೋ ವೇಗ ಇಳಿಸಿದೆ, ಮನೆಗಳನ್ನ ದೊಡ್ಡದು ಮಾಡಿದೆ, ಆ ಸುಡುಗಾಡು ಸಂಗೀತ ತೆಗೆದುಹಾಕಿ ಚಮಚದಲ್ಲಿ ಲೋಟಕ್ಕೆ ಹೊಡೆದ ಸದ್ದು ರೆಕಾರ್ಡ್ ಮಾಡಿ ಹಾಕಿದೆ, ಠಣ್, ಆಮೇಲೆ ಚಿತ್ರಗಳ ಫೋಲ್ಡರ್ ಸಿಕ್ತು, ಒಂದರಿಂದ ಏಳರವರೆಗೆ ನಂಬರ್ ಇರೋ ಏಳು ಫೈಲು, ಅದೇ ಅಳತೆಗೆ ಕತ್ತರಿಸಿ, ಅದೇ ನಂಬರ್ ಕೊಟ್ಟು, ನಮ್ಮದನ್ನ ಇಟ್ಟುಬಿಟ್ಟರೆ ಆಯ್ತು, ಕೂದಲೆಳೆಯಷ್ಟು ಅಳತೆ ತಪ್ಪಿದ್ರೆ ಮಾತ್ರ ಆಟ ತೆರೆಯೋದೇ ಇಲ್ಲ. ಮೊದಲು ಗುಂಡಿಗಳನ್ನ ಹಾಕಿದೆ. ಅಂಗಿ ಗುಂಡಿ, ಕೋಟಿನ ಗುಂಡಿ, ಮಕ್ಕಳ ಸ್ವೆಟರಿನ ಗುಂಡಿ, ಅಕ್ಕನ ಅಂಗಡಿಯ ಗೂಡುಗಳಿಂದಲೇ ತಂದು ಬಿಳಿ ಹಾಳೆ ಮೇಲಿಟ್ಟು ಫೋಟೋ ಹೊಡೆದಿದ್ದು, ಇಪ್ಪತ್ತೆಂಟು ವರ್ಷ ಗುಂಡಿ ದಾರ ಮಾರಿದವಳು ಇವಳು, ಒಂದು ಗುಂಡಿ ಉದುರಿದ ಅಂಗಿ ತಂದ್ರೆ ಬಟ್ಟೆ ನೋಡಿಯೇ ಹೇಳೋಳು, ಮೂರನೇ ಸಾಲು, ಎಡಗಡೆಯಿಂದ ಎರಡನೇ ಗೂಡು, ತೆಗೀ ಚೂಟಿ. ಚೂಟಿ ಅಂದ್ರೆ ನಾನು. ಗುಂಡಿ ನೋಡಿದ ಕೂಡಲೇ ಎಡಗೈ ಎದ್ದು ಬಂತು, ಅಬ್ಬಾ ಆ ದಿನ, ಒಂದೇ ಉಸಿರಿಗೆ ಹನ್ನೊಂದು ಸಲ ಠಣ್, ಗೆದ್ದು ನನ್ನ ಕಡೆ ನೋಡಿ ಬೇಡ ಅಂದ್ಲು, ನಗ್ತಾ, ಬಾಯಿ ಒಂದು ಕಡೆಗೆ ಎಳ್ಕೊಂಡು. ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ.

ಅಲ್ಲಿಗೇ ನಿಲ್ಲಿಸಬೇಕಿತ್ತು, ಬುದ್ಧಿ ಇದ್ದವರು ಅಲ್ಲಿಗೇ ನಿಲ್ಲಿಸ್ತಿದ್ರು. ಡಾಕ್ಟರು ಹೇಳಿದ್ರು ಇನ್ನು ದಿನಾ ಬಳಸೋ ವಸ್ತು ಹಾಕಿ, ಮನೆಯವರ ಮುಖ ಹಾಕಿ, ಯಾರನ್ನ ಗುರುತಿಸ್ತಾರೆ ನೋಡೋಣ. ಒಂದು ಲೋಟ, ಎರಡು ಬೀಗದ ಕೈ, ಮೂರು ಚಪ್ಪಲಿ, ನಾಲ್ಕು ಕನ್ನಡಕ, ಐದು ಅಂಗಡಿ ಬಾಗಿಲು, ಆರು ಅಮ್ಮ, ಏಳು ನಾನು. ಏಳಕ್ಕೆ ಯಾವ ಫೋಟೋ ಹಾಕೋದು ಅಂತ ಎರಡು ದಿನ ಒದ್ದಾಡಿದೆ, ಈಗಿನ ಸುಕ್ಕು ಮುಖವಾ, ಜಗಳಕ್ಕೆ ಮುಂಚಿನದಾ, ಕೊನೆಗೆ ಅವಳೇ ಹೊಲಿದು ಕೊಟ್ಟ ಕೆಂಪು ಅಂಗಿಯದ್ದು ಹಾಕಿದೆ, ಹೊಸ ಕೆಲಸಕ್ಕೆ ಹೊರಟ ದಿನದ್ದು. ಆ ಕೆಲಸದಿಂದಲೇ ಎಲ್ಲ ಆಗಿದ್ದು. ನಾನು ಬೇರೆ ಊರಿನ ಪ್ರೆಸ್ಸಲ್ಲಿ ಸೇರಿ ಹದಿನೇಳನೇ ದಿನ ಅಮ್ಮ ಹೋದಳು, ಇವಳು ಹೇಳಲಿಲ್ಲ, ಮಣ್ಣು ಮಾಡಿ, ಮನೆ ತೊಳೆದು, ಆಮೇಲೆ ಫೋನ್ ಮಾಡಿದಳು, ಹೊಸ ಕೆಲಸ, ಈಗಲೇ ರಜೆ ಕೇಳಿದ್ರೆ ತೆಗೆದುಬಿಡ್ತಾರೆ ಅಂತ ಹೇಳಲಿಲ್ಲ ಕಣೇ ಅಂದ್ಲು, ಗುಂಡಿಯ ಬೆಲೆ ಹೇಳೋ ಅಷ್ಟೇ ಸಲೀಸಾಗಿ. ನಾನು ಬಂದೆ, ಅಂಗಡಿ ತುಂಬ ಗಿರಾಕಿ, ಅವರ ಎದುರಿಗೇ ಬಾಯಿಗೆ ಬಂದ ಹಾಗೆ ಅಂದೆ, ಅಮ್ಮನ ಕೊನೇ ಮುಖ ನನಗೆ ಸಿಗದ ಹಾಗೆ ಮಾಡಿದೆಯಲ್ಲ, ನೀನೇನು ಮನುಷ್ಯಳಾ, ಅವಳ ಕೈಯಲ್ಲಿದ್ದ ಗುಂಡಿ ಡಬ್ಬಿ ನೆಲಕ್ಕೆ ಬಿತ್ತು, ನಾನು ತಳ್ಳಿದೆನೋ, ತಾನೇ ಬಿತ್ತೋ, ಅವಳು ಬಗ್ಗಿ ಹೆಕ್ಕಲಿಲ್ಲ, ನೆಟ್ಟಗೆ ನಿಂತು ಹೇಳಿದಳು, ಹೋಗು, ಇನ್ನು ನಿನ್ನ ಮುಖ ನನಗೆ ಬೇಡ. ಆರು ವರ್ಷ. ಆರು ವರ್ಷ ತೋರಿಸಲಿಲ್ಲ ನಾನೂ. ಆಸ್ಪತ್ರೆಯವರು ಕರೆದಾಗಲೇ ಬಂದಿದ್ದು, ಅವತ್ತಿನಿಂದ ಇಲ್ಲೇ ಇದ್ದೀನಿ.

ಮೂರು ವಾರದ ಹಿಂದೆ, ಮುಖ ಹಾಕಿದ ಮೊದಲ ದಿನ, ಅಮ್ಮನ ಮೂರು ಚಿತ್ರ ಹತ್ತಿರ ಬಂದ್ವು, ಅಕ್ಕ ತುಂಬ ಹೊತ್ತು ನೋಡಿದಳು, ಆಮೇಲೆ ಮೆಲ್ಲಗೆ ಸೇರಿಸಿದಳು, ಠಣ್, ಅಮ್ಮ ಹೋದಳು, ಅವತ್ತೂ ಹೀಗೇ ತಾನೇ, ನನ್ನ ಕೇಳದೆ ಕಳಿಸಿಬಿಟ್ಟಳು. ಅದೇ ಹೊತ್ತಿಗೆ ಮೇಲಿನಿಂದ ಬಿದ್ದದ್ದರಲ್ಲಿ ನನ್ನ ಮುಖ ಮೂರು ತಾವಾಗಿಯೇ ಸಾಲಾಗಿ ಕೂತ್ವು, ಕೂತ ಕೂಡಲೇ ಮಾಯ, ಅಕ್ಕ ಕೂಗಿಕೊಂಡಳು, ಬೇಡ ಬೇಡ ಬೇಡ, ಕೀಬೋರ್ಡನ್ನ ಎಡಗೈಯಲ್ಲಿ ಬಡಿದು ಕೆಳಗೆ ಕೆಡವಿದಳು, ನಾನು ಬಂದು ಭುಜ ಹಿಡಿದ್ರೆ ನನ್ನ ಮುಖಾನೇ ನೋಡ್ತಾಳೆ, ಕಣ್ಣು ಇಷ್ಟಗಲ, ಕೆನ್ನೆ ಮುಟ್ಟಿ ಮುಟ್ಟಿ ತಳ್ತಾಳೆ. ತಳ್ತಾಳೆ ಅಂದ್ಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ, ಮಾತು ಹೋದ್ರೂ ಸಿಟ್ಟು ಹೋಗಿಲ್ಲ ಅಂದ್ಕೊಂಡೆ. ಡಾಕ್ಟರು ಬೇರೇನೇ ಹೇಳಿದ್ರು, ತಾವಾಗಿ ಅಳಿಸಿಹೋದ್ರೆ ಅವರಿಗೆ ಗಾಬರಿ, ಅದನ್ನ ನಿಲ್ಲಿಸಿ ಅಂತ, ಆಟದ ಸೆಟ್ಟಿಂಗಲ್ಲಿ ಅದಕ್ಕೆ ಹಾಕಿದ್ದ ಟಿಕ್ ತೆಗೆದೆ, ಈಗ ನಾವು ಕೈಯಾರೆ ಸೇರಿಸಿದ ಮೂರು ಮಾತ್ರ ಹೋಗುತ್ತೆ, ತಾನಾಗಿ ಬಂದು ಕೂತದ್ದು ಕೂತೇ ಇರುತ್ತೆ. ಅವತ್ತಿನಿಂದ ಇದು. ಲೋಟ ಹೋಗುತ್ತೆ, ಚಪ್ಪಲಿ ಹೋಗುತ್ತೆ, ಅಮ್ಮ ಹೋಗ್ತಾಳೆ, ನಾನು ತುಂಬ್ಕೊಳ್ತೀನಿ. ಡಾಕ್ಟರು ಕಾಗದದಲ್ಲಿ ಬರೆದ್ಕೊಂಡ್ರು, ತಂಗಿಯ ಗುರುತು ಸಿಗ್ತಾ ಇಲ್ಲ, ಬೇಜಾರು ಮಾಡ್ಕೋಬೇಡಿ, ಹೀಗಾಗುತ್ತೆ. ಗುರುತು ಸಿಗ್ತಾ ಇದೆ ಡಾಕ್ಟರೇ, ಅದೇ ತಾನೇ ತೊಂದರೆ, ಅನ್ನೋಣ ಅನ್ನಿಸ್ತು. ಬೇಡವಾದ ಮುಖಾನ ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡಬೇಕು ಅವಳು, ತಿನ್ನಿಸೋದು ಅದೇ ಮುಖ, ತೊಳೆಸೋದು ಅದೇ ಮುಖ, ಓಡಿ ಹೋಗೋಣ ಅಂದ್ರೆ ಕಾಲಿಲ್ಲ, ಬೈಯೋಣ ಅಂದ್ರೆ ಬಾಯಿಲ್ಲ, ಅದಕ್ಕೇ ಆ ಅರ್ಜಿ, ಅಲ್ಲಿ ಯಾರೋ ನರ್ಸು ನೋಡ್ಕೊಳ್ತಾಳೆ, ಗುರುತಿಲ್ಲದವಳು, ಅವಳ ಮೇಲೆ ಇವಳಿಗೆ ಯಾವ ಸಿಟ್ಟೂ ಇರಲ್ಲ. ಇವತ್ತು ಒಂದು ಸಲ, ಒಂದೇ ಒಂದು ಸಲ ನನ್ನನ್ನ ಮುಟ್ಟಿದ್ರೆ ಅರ್ಜಿ ಹರಿದು ಹಾಕ್ತೀನಿ ಅಂತ ಬೆಳಿಗ್ಗೆ ಅಂದ್ಕೊಂಡಿದ್ದೆ, ಎಂಥ ಹುಚ್ಚು ಪಣ, ನಾಚಿಕೆ ಆಗುತ್ತೆ.

ಠಣ್, ಕನ್ನಡಕ. ಠಣ್, ಅಂಗಡಿ ಬಾಗಿಲು. ಮೂರೂ ನಲವತ್ತು. ಈಗ ಇಪ್ಪತ್ತಾರು ನಾನು, ಒಂದು ಕಡೆ ಮೂರು ನಾನು ತಾನಾಗಿ ಸಾಲಾಗಿಯೇ ಕೂತಿದ್ದೀನಿ, ಅಕ್ಕ ಪ್ರತಿ ನಡೆಗೂ ಮುಂಚೆ ಅಲ್ಲಿಗೆ ಒಂದು ಸಲ ಕಣ್ಣು ಹಾಯಿಸ್ತಾಳೆ, ಅಲ್ಲೇ ಇದೆಯಾ ಅಂತ ನೋಡೋ ಹಾಗೆ, ಮೌಸಿನ ಬಾಣವನ್ನ ಸುತ್ತು ಬಳಸಿ ತಗೊಂಡು ಹೋಗ್ತಾಳೆ, ಹತ್ತಿರ ಕೂಡ ಸುಳಿಯಲ್ಲ, ಎಲಾ ಇವಳ, ಅಷ್ಟು ಹೇಸಿಗೆನಾ. ಠಣ್, ಬೀಗದ ಕೈ. ಆಮೇಲೆ ಆಡೋದು ನಿಲ್ಲಿಸಿದಳು. ಬೆವರ್ತಾ ಇದ್ದಾಳೆ, ಮೇಲಿನ ತುಟಿ ಮೇಲೆ ಹನಿ, ಹುಡುಕ್ತಾಳೆ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ನಾನೂ ಹುಡುಕ್ತೀನಿ, ಲೋಟ ಎರಡೇ, ಚಪ್ಪಲಿ ದೂರ ದೂರ, ಇಲ್ಲ, ಬೇರೆ ನಡೆ ಇಲ್ಲ, ಅರ್ಧ ನಿಮಿಷ ಸುಮ್ಮನಿದ್ರೆ ಆಟ ತಾನೇ ತೋರಿಸಿಕೊಡುತ್ತೆ, ತೋರಿಸ್ತು, ಬಲಗಡೆ ಮೂಲೇಲಿ ನನ್ನ ಮುಖ ಮೂರು ಮಿನುಗಿದ್ವು, ಒಂದನ್ನ ಕೆಳಕ್ಕೆ ಎಳೆದ್ರೆ ಸಾಕು, ಗೆದ್ದಳು. ಎಳೆಯಲ್ಲ. ಮಿನುಗುತ್ತೆ, ನೋಡ್ತಾಳೆ, ಎಳೆಯಲ್ಲ. ಅಕ್ಕ, ಅದೊಂದೇ ಇರೋದು ಕಣೇ, ಇಲ್ಲಾಂದ್ರೆ ಸೋತೆ. ಚಿಕ್ಕವಳಿದ್ದಾಗಿಂದ ಒಂದು ಆಟಾನೂ ನನಗೆ ಬಿಟ್ಟುಕೊಟ್ಟವಳಲ್ಲ, ಸೋಲು ಅಂದ್ರೆ ಆಗದು ಇವಳಿಗೆ, ಕೈ ಚೆಲ್ಲಿ ಕೂತಿದ್ದಾಳೆ. ಹಾಳಾಗಿ ಹೋಗ್ಲಿ, ನಾನೇ ಮುಗಿಸ್ತೀನಿ ಅಂತ ಮೌಸಿಗೆ ಕೈ ಹಾಕಿದೆ, ಬಾಣ ನನ್ನ ಮುಖದ ಮೇಲೆ ಹೋಯ್ತು, ಒತ್ತಬೇಕು, ಎಳೀಬೇಕು —

ಬೇಡ. ಅವಳ ಎಡಗೈ ನನ್ನ ಕೈ ಮೇಲೆ ಬಿತ್ತು, ಮೌಸು ನನ್ನ ಕೈ ಅವಳ ಕೈ, ಏನು ಬಲ, ಎಲುಬಿಗೆ ಎಲುಬು ಒತ್ತುತ್ತೆ, ಬೇಡ ಅಂದ್ಲು ಮತ್ತೆ, ಸಿಟ್ಟಲ್ಲ ಇದು, ಇವಳ ಸಿಟ್ಟು ನನಗೆ ಗೊತ್ತಿಲ್ಲವಾ, ಇದು ಹೆದರಿಕೆ, ತೆರೆ ನೋಡಿದಳು, ನನ್ನ ನೋಡಿದಳು, ತೆರೆ, ನಾನು, ಎಣಿಸಿ ನೋಡೋ ಹಾಗೆ, ಅಯ್ಯೋ ದೇವರೇ, ಸೇರಿಸಿದ್ದೆಲ್ಲ ಮಾಯ ಆಗುತ್ತೆ ಅಲ್ವಾ, ಹಾಗಂತ ಹೇಳಿಕೊಟ್ಟವಳು ನಾನೇ ಅಲ್ವಾ, ಲೋಟ ಹೋಗ್ಲಿ, ಅಂಗಡಿ ಹೋಗ್ಲಿ, ಅಮ್ಮ ಹೋಗಿ ಆಗಿದೆ, ಕಳಿಸಿದವಳು ಅವಳೇ, ಒಬ್ಬಳೇ, ಆದ್ರೆ ನಾನು — ಮೂರು ವಾರದಿಂದ ಮಾಯ ಆಗದ ಹಾಗೆ ಒಂದೊಂದೇ ಉಳಿಸ್ಕೊಂಡು ಕೂತಿದ್ದಾಳೆ ನನ್ನನ್ನ, ಅವತ್ತು ತಾವಾಗಿ ಹೋದ ಮೂರಕ್ಕೆ ಹಾಗೆ ಕೂಗಿದಳು, ಕೆನ್ನೆ ತಳ್ಳಿದ್ದಲ್ಲ ಅದು, ಇದ್ದೀನಾ ಅಂತ ಮುಟ್ಟಿ ನೋಡಿದ್ದು, ನಾನೆಂಥ ಕುರುಡಿ, ಎಂಥ ಕಲ್ಲು. ಬಾಗಿಲ ಗಂಟೆ ಹೊಡೀತು. ಡಾಕ್ಟರು ಬಾಗಿಲಲ್ಲಿ. ಬಂದೆ ಅನ್ನಬೇಕು, ಏಳಬೇಕು, ಸಹಿ ಹಾಕೋ ಕೈ ಅವಳ ಕೈ ಕೆಳಗಿದೆ, ಬಿಡ್ತಾ ಇಲ್ಲ, ನಾನೂ ಎಳ್ಕೊಳ್ತಾ ಇಲ್ಲ, ಮತ್ತೆ ಗಂಟೆ, ಮೂಲೇಲಿ ಮೂರು ಮುಖ ಮಿನುಗುತ್ತೆ, ನಿಲ್ಲುತ್ತೆ, ಮಿನುಗುತ್ತೆ, ಕೆಂಪು ಅಂಗಿ ಹಾಕ್ಕೊಂಡು ಹಲ್ಲು ಬಿಟ್ಕೊಂಡು, ಮೂರೂ ಇದೆ, ಮಿನುಗುತ್ತೆ, ಮೂರೂ ಇನ್ನೂ ಇದೆ —