ಕೆಂಪು ಬಣ್ಣದ ನಟ್ಟು

ಆ ಘಟ್ಟದ ನೆತ್ತಿಯ ಚಳಿ ಎಂಥದ್ದೆಂದರೆ, ಅಲ್ಲಿ ಸೀನಿದರೆ ಸೀನು ನೆಲಕ್ಕೆ ಬಿದ್ದು ಟಣ್ಣೆಂದು ಸದ್ದು ಮಾಡುತ್ತದೆ. ಕಾಗೆಗಳು ಅಲ್ಲಿ ಹಾರುವುದಿಲ್ಲ, ರೆಕ್ಕೆಯನ್ನು ಬಗಲಲ್ಲಿಟ್ಟುಕೊಂಡು ನಡೆದೇ ಹೋಗುತ್ತವೆ. ಅಂಥ ಜಾಗದಲ್ಲಿ, ರಸ್ತೆ ಪಕ್ಕದ ಹಿಮದಲ್ಲಿ, ಬೆಳಿಗ್ಗೆ ಏಳು ಗಂಟೆಗೆ ಮೇಸ್ತ್ರಿಯ ಮನೆಗಾಡಿ ಎರಡು ಸಲ ಕೆಮ್ಮಿ, ಒಂದು ನಿಮಿಷ ಓಡಿ, ಉಸಿರು ಬಿಟ್ಟಿತು.

"ಪಂಪು," ಎಂದ ಮೇಸ್ತ್ರಿ. ಕೆಳಗಿಳಿದು ನೋಡುವ ಮೊದಲೇ ಎಂದ.

ಮೇಸ್ತ್ರಿ ಎಂದರೆ ಸಾಮಾನ್ಯ ಮೇಸ್ತ್ರಿಯಲ್ಲ. ನಲವತ್ತು ವರ್ಷ ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದವನು. ಅವನು ಸ್ಪ್ಯಾನರ್ ಎತ್ತಿಕೊಂಡರೆ ಬೋಲ್ಟುಗಳು ಮರ್ಯಾದೆಯಿಂದ ತಾವಾಗಿಯೇ ಸಡಿಲವಾಗುತ್ತಿದ್ದವಂತೆ. ಡಿಪೋದಲ್ಲಿ ಅವನದೊಂದು ಪದ್ಧತಿಯಿತ್ತು. ತಾನೇ ಕೈಯಾರೆ ಬಿಗಿದ ನಟ್ಟಿನ ಮೇಲೆ ಕೆಂಪು ಬಣ್ಣದ ಒಂದು ಬೊಟ್ಟು ಇಡುತ್ತಿದ್ದ. ಆ ಬೊಟ್ಟು ಬಿತ್ತೆಂದರೆ ಮುಗಿಯಿತು, ಆ ನಟ್ಟನ್ನು ಇನ್ನು ಯಾರೂ ಅನುಮಾನಿಸುವಂತಿಲ್ಲ. ಗಾಡಿ ಕೆಟ್ಟರೆ ಮೊದಲು ಬೊಟ್ಟಿಲ್ಲದ ಕಡೆ ಹುಡುಕಬೇಕು. ಮೇಸ್ತ್ರಿ ಮುಟ್ಟಿದ್ದು ಕೆಡುವುದುಂಟೇ?

ಈ ಮನೆಗಾಡಿಯೂ ಅವನು ಮುಟ್ಟಿದ್ದೇ. ಗುಜರಿಗೆ ಹೋಗುತ್ತಿದ್ದ ಹಳೇ ಮಿನಿಬಸ್ಸನ್ನು ತಂದು, ಸೀಟು ಕಿತ್ತು, ಮಂಚ ಹಾಕಿ, ಗ್ಯಾಸ್ ಒಲೆ ಕೂರಿಸಿ, ನಲ್ಲಿ ಹಾಕಿ, ಕಿಟಕಿಗೆ ಹೂವಿನ ಪರದೆ ಕಟ್ಟಿ ಅರಮನೆ ಮಾಡಿದ್ದ. ಒಂಬತ್ತು ವರ್ಷಗಳ ಹಿಂದೆ ಇದರ ಬಾಗಿಲು ಕೂರಿಸುತ್ತಿದ್ದ ದಿನ ಹೆಂಡತಿಯ ಅಕ್ಕ ಬಂದಿದ್ದಳು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೇಸ್ತ್ರಿಗಳೇ, ಡಬ್ಬ ಚೆನ್ನಾಗಿದೆ. ಹುರುಳಿಕಾಳು ತುಂಬಿಡಬಹುದು. ಓಡಿಸೋ ಸಾಹಸ ಮಾತ್ರ ಬೇಡ, ಎರಡು ಫರ್ಲಾಂಗ್ ದಾಟಲ್ಲ," ಎಂದಳು.

ಅತ್ತಿಗೆ ಅದನ್ನು ಪಿಸುಗುಟ್ಟಿ ಹೇಳಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಆಕೆ ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಮೈಕ್ ಹಿಡಿದು ರೈಲುಗಳ ಬರುವಿಕೆ ಹೋಗುವಿಕೆ ಕೂಗಿದವಳು. ಆಕೆ ಗದರಿದರೆ ಹೊರಟ ರೈಲು ಪ್ಲಾಟ್‌ಫಾರಂಗೆ ವಾಪಸ್ ಬಂದು ಕ್ಷಮೆ ಕೇಳುತ್ತಿತ್ತು. ಆ ಮಾತು ನಾಲ್ಕು ಬೀದಿಗೆ ಕೇಳಿಸಿತು, ನಾಲ್ಕು ಬೀದಿಯೂ ನಕ್ಕಿತು. ಮೇಸ್ತ್ರಿ ಅವತ್ತೇ ಅತ್ತಿಗೆಯ ಊರಿನ ಕಡೆ ತಲೆ ಹಾಕಿ ಮಲಗುವುದನ್ನೂ ಬಿಟ್ಟ. ಹೆಂಡತಿಗೂ ಹೇಳಿದ: "ನಾನು ಬೇಕೋ, ಅವಳು ಬೇಕೋ?" ಒಂಬತ್ತು ವರ್ಷ ಅಕ್ಕ ತಂಗಿ ಮಾತಾಡಲಿಲ್ಲ.

ಹೋದ ವಾರ ಅಕ್ಕನ ಫೋನ್ ಬಂತು. ದನಿ ಜರಡಿಯಲ್ಲಿ ಹಾದು ಬಂದಂತಿತ್ತು.

"ಗಂಟಲಲ್ಲಿ ಗಡ್ಡೆ ಕಣೇ. ಗುರುವಾರ ಬೆಳಿಗ್ಗೆ ಎಂಟಕ್ಕೆ ಕೊಯ್ಯುತ್ತಾರೆ. ಧ್ವನಿಪೆಟ್ಟಿಗೇನೇ ತೆಗೀತಾರಂತೆ. ಜೀವಕ್ಕೇನಿಲ್ಲ. ಮಾತು ಮಾತ್ರ ಹೋಗತ್ತೆ. ಅಷ್ಟರೊಳಗೆ ಬಾ. ಒಂಬತ್ತು ವರ್ಷದ್ದು ಬೈಯೋದಿದೆ."

"ಈಗಲೇ ಬೈಯೇ ಅಕ್ಕಾ."

"ಫೋನಲ್ಲಿ ಬೈದರೆ ಏನು ಸುಖ? ಮುಖ ನೋಡ್ಕೊಂಡು ಬೈಬೇಕು. ಬುಧವಾರ ಸಂಜೆ ಕಾಯ್ತಿರ್ತೀನಿ."

ಹೆಂಡತಿ ಅತ್ತು ಮುಗಿಸಿ ರೈಲಿನ ಟಿಕೆಟ್ ಎಂದಳು. ಮೇಸ್ತ್ರಿಗೆ ಮರುಕ ಬರಲಿಲ್ಲವೆಂದಲ್ಲ. ಬಂತು. ಆದರೆ ಮರುಕದ ಹಿಂದೆಯೇ ಇನ್ನೊಂದು ಆಸೆ ಬಾಲದಂತೆ ಬಂತು: ಆಸ್ಪತ್ರೆ ಬಾಗಿಲಲ್ಲಿ ಈ ಡಬ್ಬವನ್ನು ತಂದು ನಿಲ್ಲಿಸಿ, ಅತ್ತಿಗೆಯ ಕಿಟಕಿಯ ಕೆಳಗೆ ಹಾರನ್ ಹೊಡೆದು, "ಎಷ್ಟು ಫರ್ಲಾಂಗ್ ಆಯ್ತು, ಎಣಿಸ್ಕೊಳ್ಳಿ," ಎನ್ನಬೇಕು.

"ರೈಲಾ? ನಮ್ಮದೇ ಗಾಡಿ ಇರುವಾಗ? ಮಂಗಳವಾರ ಹೊರಟರೆ ಬುಧವಾರ ಮಧ್ಯಾಹ್ನಕ್ಕೆ ಅಲ್ಲಿರ್ತೀವಿ. ನೀನು ಮಲಗಿಕೊಂಡೇ ಬಾ, ಮಹಾರಾಣಿ ಥರ."

ಹಾಗೆ ಹೊರಟವರು ರಾತ್ರಿ ಘಟ್ಟದ ನೆತ್ತಿಯಲ್ಲಿ ಮಲಗಿ, ಬುಧವಾರ ಬೆಳಿಗ್ಗೆ ಅಲ್ಲೇ ನಿಂತುಬಿಟ್ಟಿದ್ದರು. ಅತ್ತಿಗೆಯ ಊರು ಇನ್ನೂ ನಾಲ್ಕು ಗಂಟೆಯ ದಾರಿ. ಫೋನಿಗೆ ಸಿಗ್ನಲ್ ಇಲ್ಲ.

ಮೇಸ್ತ್ರಿ ಟಾರ್ಪಾಲು ಹಾಸಿ ಕೆಲಸಕ್ಕೆ ಕೂತ. ಹೆಂಡತಿ ಒಳಗೆ ಒಲೆ ಹಚ್ಚಲು ಹೋದವಳು ಅಡುಗೆ ಎಣ್ಣೆಯ ಬಾಟಲಿ ಹಿಡಿದುಕೊಂಡು ಬಂದಳು. ಬಾಟಲಿಯನ್ನು ತಲೆಕೆಳಗು ಮಾಡಿದಳು. ಒಂದು ತೊಟ್ಟೂ ಬೀಳಲಿಲ್ಲ. ಒಳಗೆ ಎಣ್ಣೆ ಬೆಣ್ಣೆಯಾಗಿ ಕೂತಿತ್ತು.

"ರೀ, ಇದು ಹೀಗಾಗಿದೆ ಅಂದ್ರೆ ನಿಮ್ಮ ಡೀಸೆಲ್ಲೂ ಹೀಗೇ ಆಗಿರತ್ತಾ?"

ಮೇಸ್ತ್ರಿ ನಕ್ಕ ನಗೆಗೆ ಎದುರು ಗುಡ್ಡದ ಹಿಮ ಜಾರಬೇಕಿತ್ತು. "ಲೇ, ಅದು ಒಗ್ಗರಣೆಗೆ ಹಾಕೋದು, ಇದು ಇಂಜಿನ್‌ಗೆ ಹಾಕೋದು. ಎರಡೂ ಒಂದೇ ಆಗಿದ್ದರೆ ನಾನು ನಲವತ್ತು ವರ್ಷ ಬಸ್ಸಿಗೆ ಬೋಂಡ ಕರೀತಿದ್ದೆ."

ಅವನ ಊರು ಎಂಥ ಊರೆಂದರೆ, ಅಲ್ಲಿ ಡಿಸೆಂಬರಿನಲ್ಲೂ ಕಬ್ಬಿಣ ಬೆವರುತ್ತದೆ. ಚಳಿ ಎಂದರೆ ಅವನಿಗೆ ಸ್ವೆಟರಿನ ವಿಷಯವೇ ಹೊರತು ಡೀಸೆಲ್ಲಿನ ವಿಷಯವಲ್ಲ. ಹೊರಡುವಾಗ ಊರಿನಲ್ಲೇ ಟ್ಯಾಂಕ್ ತುಂಬಿಸಿದ್ದ. ಘಟ್ಟದ ಬುಡದ ಬಂಕಿನಲ್ಲಿ, "ಇಲ್ಲಿ ಚಳಿಗಾಲದ ಡೀಸೆಲ್ ಸಿಗುತ್ತದೆ," ಎಂದು ಬೋರ್ಡು ಇತ್ತು. ಅದನ್ನು ಓದಿ, "ಜನರಿಗೆ ಹೇಗೆಲ್ಲಾ ಟೋಪಿ ಹಾಕ್ತಾರೆ ನೋಡು," ಎಂದು ಮುಂದೆ ಬಂದಿದ್ದ.

ಹತ್ತು ಗಂಟೆಗೆ ಡೀಸೆಲ್ ಪಂಪು ಬಿಚ್ಚಿದ. ಪಂಪು ಮದುಮಗಳಂತೆ ಹೊಳೆಯುತ್ತಿತ್ತು. ಹನ್ನೊಂದಕ್ಕೆ ಇಂಜಿನ್ನಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರುಗಳು. ಅವೂ ಸರಿ. ಟಾರ್ಪಾಲಿನ ಮೇಲೆ ಬಿಡಿಭಾಗಗಳು ಸಂತೆಯಂತೆ ಹರಡಿಕೊಂಡವು.

ಆಗ ಹಿಂದಿನಿಂದ ಒಂದು ತರಕಾರಿ ಲಾರಿ ಬಂದು ನಿಂತಿತು. ಲಾರಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮಫ್ಲರಿನ ನಡುವೆ ಮೂಗೊಂದೇ ಕಾಣುತ್ತಿತ್ತು.

"ಏನ್ ಯಜಮಾನ್ರೇ, ಅಂಗಡಿ ಇಟ್ಟಿದ್ದೀರಾ?"

"ಪಂಪು ತಂಟೆ ಮಾಡ್ತಿದೆ."

"ಫಿಲ್ಟರ್ ಬಿಚ್ಚಿ ನೋಡಿದ್ರಾ? ಈ ಚಳಿಗೆ ಮೊದಲು ಸಾಯೋದೇ ಅದು."

ಮೇಸ್ತ್ರಿ ಫಿಲ್ಟರಿನ ಕಡೆ ನೋಡಿದ. ಅದರ ನಟ್ಟಿನ ಮೇಲೆ ಕೆಂಪು ಬೊಟ್ಟು ಫಳಫಳ ಎನ್ನುತ್ತಿತ್ತು. "ಅದನ್ನ ನಾನೇ ಹಾಕಿದ್ದು. ಹದಿನೈದು ದಿನ ಆಗಿಲ್ಲ," ಎಂದ, ತನ್ನ ಮಗುವಿನ ನಡತೆ ಬಗ್ಗೆ ಯಾರೋ ಕೇಳಿದಂತೆ.

ಲಾರಿಯವನು ಭುಜ ಕುಣಿಸಿದ. "ನಿಮ್ಮಿಷ್ಟ. ನಾನು ಕೆಳಗೆ ದೊಡ್ಡಾಸ್ಪತ್ರೆ ಊರಿಗೇ ಹೋಗೋದು. ಬರೋರಿದ್ರೆ ಹತ್ತಿ."

ಹೆಂಡತಿ ಆಗಲೇ ಕೈಚೀಲ ಹಿಡಿದು ಕೆಳಗಿಳಿದಿದ್ದಳು. "ರೀ, ನಾನು ಹೋಗಿರ್ತೀನಿ. ಸಂಜೆಯೊಳಗೆ ಅಕ್ಕನ ಹತ್ರ ಇರ್ತೀನಿ. ನೀವು ರಿಪೇರಿ ಮಾಡ್ಕೊಂಡು ನಿಧಾನಕ್ಕೆ ಬನ್ನಿ."

ಇಲ್ಲಿ ಮೇಸ್ತ್ರಿ ಹೂಂ ಎಂದಿದ್ದರೆ ಸಾಕಿತ್ತು. ಒಂದೇ ಅಕ್ಷರ. ಲಕ್ಷಗಟ್ಟಲೆ ಮಾತು ಖರ್ಚು ಮಾಡಿದ ಬಾಯಿಗೆ ಆ ಒಂದಕ್ಷರ ಭಾರವಾಯಿತು. ಅವನ ಕಣ್ಣಿಗೆ ಕಂಡದ್ದು ಬೇರೆ: ತಂಗಿ ಟೊಮೆಟೊ ಲಾರಿಯಿಂದ ಇಳಿಯುತ್ತಾಳೆ, ಅಕ್ಕ, "ಡಬ್ಬ ಎಲ್ಲೇ?" ಎನ್ನುತ್ತಾಳೆ, ಇಡೀ ಆಸ್ಪತ್ರೆ ನಗುತ್ತದೆ.

"ಅರ್ಧ ಗಂಟೆ," ಎಂದ. "ಅರ್ಧ ಗಂಟೇಲಿ ಇಂಜಿನ್ ಹಾಡುತ್ತೆ. ಈ ಲಾರಿಗಿಂತ ಮುಂಚೆ ಊರು ಸೇರ್ತೀವಿ. ನಲವತ್ತು ವರ್ಷ ನನ್ನ ಕೈಕೆಲಸದ ಅನ್ನ ತಿಂದು, ನಿನಗೇ ನನ್ನ ಕೈ ಮೇಲೆ ನಂಬಿಕೆ ಇಲ್ವಾ?"

ಅವಳು ಅವನನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿದಳು. ಆಮೇಲೆ ಕೈಚೀಲ ತೆಗೆದುಕೊಂಡು ಒಳಗೆ ಹೋಗಿ ಮಂಚದ ಮೇಲೆ ಕೂತಳು. ಚೀಲವನ್ನು ಮಾತ್ರ ಕೆಳಗಿಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಲಾರಿ ತಿರುವಿನಲ್ಲಿ ಮರೆಯಾಯಿತು.

ಅರ್ಧ ಗಂಟೆ ಬೆಳೆದು ಐದು ಗಂಟೆಯಾಯಿತು. ಮೇಸ್ತ್ರಿ ಪೈಪು ಊದಿದ, ವೈರು ಎಳೆದ, ಬ್ಯಾಟರಿಗೆ ಬೈದ. ಬೊಟ್ಟಿಲ್ಲದ ಒಂದು ಸ್ಕ್ರೂವನ್ನೂ ಬಿಡಲಿಲ್ಲ. ಬೆರಳುಗಳು ಬೆರಳೋ ಸ್ಪ್ಯಾನರೋ ಅವನಿಗೇ ತಿಳಿಯದಾಯಿತು. ಕೊನೆಗೆ ಇಡೀ ಇಂಜಿನ್ನಿನಲ್ಲಿ ಮುಟ್ಟದೆ ಉಳಿದಿದ್ದು ಆ ಕೆಂಪು ಬೊಟ್ಟು ಒಂದೇ. ಅದು ಅವನನ್ನೇ ನೋಡುತ್ತಿತ್ತು.

ಉಗುರಿನಿಂದ ಬಣ್ಣ ಕೆರೆದು ಬಿಚ್ಚಿದ. ಫಿಲ್ಟರಿನ ತುಂಬ ಬಿಳಿ ಮೇಣ, ಉರಿಸದೆ ಇಟ್ಟ ಮೋಂಬತ್ತಿಯ ಹಾಗೆ. ಹೆಂಡತಿ ಯಾವಾಗ ಬಂದು ಹಿಂದೆ ನಿಂತಿದ್ದಳೋ. ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ತಂದುಕೊಟ್ಟಳು. ಬಿಸಿನೀರಿನ ಬಟ್ಟೆ ಸುತ್ತಿ, ಪೈಪಿನ ಮೇಲೆ ಸುರಿದು, ಬಿಚ್ಚಿದ್ದನ್ನೆಲ್ಲ ಜೋಡಿಸಿ ಕೀಲಿ ತಿರುಗಿಸಿದರೆ ಇಂಜಿನ್ ನಿಜವಾಗಿಯೂ ಹಾಡಿತು. ಹಾಡಿಕೊಂಡು ಮೂರು ಮೈಲಿ ಇಳಿದರು. ಅಲ್ಲಿ ಗೇಟು ಬಿದ್ದಿತ್ತು. ಚಳಿಗಾಲದಲ್ಲಿ ಕತ್ತಲಾದರೆ ಆ ಇಳಿಜಾರನ್ನು ಮುಚ್ಚುತ್ತಾರೆ, ಬೆಳಿಗ್ಗೆ ಏಳಕ್ಕೆ ಮುಂಚೆ ತೆಗೆಯುವುದಿಲ್ಲ. ಮೇಸ್ತ್ರಿ ಗೇಟಿನವನ ಕಾಲಿಗೆ ಬೀಳುವುದೊಂದು ಬಾಕಿ. ಗೇಟಿನವನು, "ಹಿಮದ ಹತ್ರ ಹೇಳಿ, ನನ್ನ ಹತ್ರ ಅಲ್ಲ," ಎಂದ.

ರಾತ್ರಿಯೆಲ್ಲ ಇಂಜಿನ್ ಆರಿಸದೆ ಗೇಟಿನ ಬಳಿಯೇ ಕಾದರು. ಗುರುವಾರ ಇಳಿಜಾರಿನಲ್ಲಿ ಫೋನು ಜೀವ ಹಿಡಿದಾಗ ಗಂಟೆ ಎಂಟೂ ಹತ್ತು. ಅಕ್ಕನ ಫೋನನ್ನು ನರ್ಸ್ ಎತ್ತಿದಳು.

"ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು. ನೀವು ತಂಗೀನಾ? ನಿನ್ನೆ ರಾತ್ರಿಯೆಲ್ಲಾ ಬಾಗಿಲ ಕಡೆ ನೋಡ್ತಾನೇ ಇದ್ರು."

ಹೆಂಡತಿ ಫೋನನ್ನು ಚೀಲದೊಳಗಿಟ್ಟು ಜಿಪ್ ಎಳೆದಳು. ಎರಡು ಗಂಟೆ ರಸ್ತೆ ಸರಿಯಿತು. ಮೇಸ್ತ್ರಿ ಗಾಡಿಯ ವೇಗ ತಗ್ಗಿಸಿದ.

"ಬೈಯೇ ಮಾರಾಯ್ತಿ. ಬಾಯಿಗೆ ಬಂದ ಹಾಗೆ ಬೈದುಬಿಡು."

"ಬೈಯೋದಕ್ಕೆ ಅಕ್ಕ ಇದ್ದಳು," ಎಂದಳು ಅವಳು, ಕಿಟಕಿಯ ಆಚೆ ನೋಡುತ್ತ.

ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಂತಿತು. ಹಾರನ್ ಹೊಡೆಯಲಿಲ್ಲ.

ಅತ್ತಿಗೆಯನ್ನು ನೋಡಲು ಬಿಟ್ಟಿದ್ದು ಮೂರನೇ ದಿನ. ಕುತ್ತಿಗೆಗೆ ಬಿಳಿ ಬಟ್ಟೆ, ಕೈಯಲ್ಲಿ ಮಕ್ಕಳ ಸ್ಲೇಟು. ತಂಗಿ ಮಂಚದ ತುದಿಯಲ್ಲಿ ಕೂತು ಅಕ್ಕನ ಕೈ ಹಿಡಿದುಕೊಂಡಳು. ಮೇಸ್ತ್ರಿ ಬಾಗಿಲ ಬಳಿ ತಲೆಯ ಮೇಲಿನ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ಅತ್ತಿಗೆ ಅವನನ್ನು ಕಂಡು, ಸ್ಲೇಟಿನ ಮೇಲೆ ಬರೆದು ತಿರುಗಿಸಿ ತೋರಿಸಿದಳು.

"ಗಾಡಿಗೆ ಏನಾಗಿತ್ತು, ಮೇಸ್ತ್ರಿಗಳೇ?"

ಉತ್ತರಗಳು ಸಿದ್ಧವಾಗಿದ್ದವು. ಗುಡ್ಡ ಕುಸಿದದ್ದು, ಕರಡಿ ಅಡ್ಡ ಬಂದದ್ದು, ಸೇತುವೆ ಕೊಚ್ಚಿಹೋದದ್ದು. ಮೂರು ದಿನದಲ್ಲಿ ಹದಿನೇಳು ಕಥೆ ಕಟ್ಟಿದ್ದ, ಒಂದೊಂದೂ ಬಣ್ಣ ಹಚ್ಚಿ ಬಿಗಿದದ್ದು. ಹೆಂಡತಿ ತಿರುಗಿ ನೋಡಲೂ ಇಲ್ಲ.

"ಗಾಡಿಗೆ ಏನೂ ಆಗಿರಲಿಲ್ಲ ಅತ್ತಿಗೆ," ಎಂದ. "ಡೀಸೆಲ್ ಹೆಪ್ಪುಗಟ್ಟಿತ್ತು. ಇವಳು ಬೆಳಿಗ್ಗೇನೇ ಹೇಳಿದಳು. ಲಾರಿಯವನು ಕರೆದ, ಇವಳು ಹೊರಟಿದ್ದಳು. ನಾನೇ ಕಳಿಸಲಿಲ್ಲ."

ಅತ್ತಿಗೆ ಸ್ಲೇಟನ್ನು ಪಕ್ಕಕ್ಕಿಟ್ಟಳು. ಬಾಯಿ ತೆರೆದಳು. ತುಟಿಗಳು ಓಡತೊಡಗಿದವು, ಹುಬ್ಬು ಏರಿತು, ತೋರುಬೆರಳು ಅವನ ಕಡೆ ಗಾಳಿಯಲ್ಲಿ ಗುದ್ದಿತು. ನಾಲ್ಕು ಬೀದಿಗೆ ಕೇಳಿಸುತ್ತಿದ್ದವಳ ಬಾಯಿಂದ ಒಂದೆಳೆ ಸದ್ದೂ ಬರಲಿಲ್ಲ. ತಂಗಿ ಮಾತ್ರ, ಏನೋ ಕೇಳಿಸೀತೆಂಬಂತೆ, ಬಾಗಿ ಕಿವಿಯನ್ನು ಆ ಬಾಯಿಯ ಹತ್ತಿರ ಹಿಡಿದಿದ್ದಳು.

ಮೇಸ್ತ್ರಿ ಟೋಪಿ ತೆಗೆದು, ಬೈಗುಳ ಮುಗಿಯುವವರೆಗೂ ಕದಲದೆ ನಿಂತಿದ್ದ.